ಲಾಳ ಕಟ್ಟುವಿಕೆ

ಲಾಳ ಕಟ್ಟುವಿಕೆ ಎಂದರೆ ಕುದುರೆ, ಹೇಸರಗತ್ತೆ, ಎತ್ತು ಮೊದಲಾದ ದುಡಿಯುವ ಪ್ರಾಣಿಗಳ ಗೊರಸನ್ನು ಹೆರೆದು ಸಮಮಾಡಿ, ಅದರ ತಳಕ್ಕೆ ಲೋಹದ ಪಟ್ಟಿಯನ್ನು ಮೊಳೆಗಳಿಂದ ಜೋಡಿಸುವ ಕಸುಬು. ಗೊರಸನ್ನು ಸವೆತದಿಂದ ಕಾಪಾಡುವುದು ಇದರ ನಿತ್ಯದ ಉದ್ದೇಶ. ಕುಂಟುವ ಪ್ರಾಣಿಯ ಕಾಲಿನಲ್ಲಿ ನೋವಿರುವ ಭಾಗದ ಮೇಲಿನ ಭಾರವನ್ನು ಬೇರೆ ಭಾಗಕ್ಕೆ ಸರಿಸುವಂತೆ ಲಾಳದ ಆಕಾರವನ್ನು ಬದಲಿಸಿ ಕಟ್ಟಿದರೆ ಅದು ಚಿಕಿತ್ಸಕ ಲಾಳ ಎನಿಸಿಕೊಳ್ಳುತ್ತದೆ. ಕರ್ನಾಟಕದಲ್ಲಿ ಈ ಕಸುಬಿಗೆ ಎರಡು ನೆಲೆಗಳಿವೆ. ಬೆಂಗಳೂರು, ಮೈಸೂರುಗಳ ಪಂದ್ಯದ ಕುದುರೆಗಳ ಲಾಯ ಒಂದು. ಕೊಪ್ಪಳ ಜಿಲ್ಲೆಯ ಬೇವೂರಿನಂತಹ ಬಯಲುಸೀಮೆಯ ಊರುಗಳಲ್ಲಿ ಒಕ್ಕಲಿಗನ ಎತ್ತು ಇನ್ನೊಂದು. ಎರಡು ಕಡೆಗಳಲ್ಲಿ ಪ್ರಾಣಿ ಬೇರೆ, ಹಣದ ಲೆಕ್ಕ ಬೇರೆ. ಗೊರಸನ್ನು ಆಳುವ ನಿಯಮಗಳು ಮಾತ್ರ ಬಹುಮಟ್ಟಿಗೆ ಒಂದೇ.

ಹೆಸರು

ಉತ್ತರ ಕರ್ನಾಟಕದಲ್ಲಿ ಲಾಳವನ್ನು ನಾಲು ಎಂದೂ ಲಾಳ ಕಟ್ಟುವವನನ್ನು ನಾಲಬಂದ ಎಂದೂ ಕರೆಯುತ್ತಾರೆ. ಅರಬ್ಬಿ ಭಾಷೆಯಲ್ಲಿ ‘ನಾಲ್’ ಎಂದರೆ ಪಾದರಕ್ಷೆ. ಪಾರಸಿಯ ‘ಬಂದ್’ ಎಂದರೆ ಕಟ್ಟುವುದು. ನಾಲಬಂದ ಎಂಬುದು ಈ ಭಾಗದಲ್ಲಿ ಮುಸ್ಲಿಂ ಕುಟುಂಬಗಳ ಅಡ್ಡಹೆಸರಾಗಿಯೂ ಉಳಿದಿದೆ. ಕರ್ನಾಟಕ ಸರ್ಕಾರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನಾಲಬಂದ ಸಮುದಾಯವು ಪ್ರವರ್ಗ-1ರಲ್ಲಿದೆ. ಅಡ್ಡಹೆಸರು ಉಳಿದ ಎಷ್ಟೋ ಮನೆಗಳಲ್ಲಿ ಈಗ ಕಸುಬು ಉಳಿದಿಲ್ಲ. ನೇಯ್ಗೆಯಲ್ಲಿ ಬಳಸುವ ಲಾಳಿ ಬೇರೆಯೇ ವಸ್ತು.

ಗೊರಸಿನ ರಚನೆ

ಕುದುರೆಯು ಪ್ರತಿ ಕಾಲಿನ ಒಂದೇ ಬೆರಳಿನ ತುದಿಯ ಮೇಲೆ ನಿಲ್ಲುವ ಪ್ರಾಣಿ. ಹೊರಗೆ ಕಾಣುವ ಗಟ್ಟಿ ಭಾಗವು ಗೊರಸಿನ ಗೋಡೆ. ಅದು ನಮ್ಮ ಉಗುರಿನಂತೆ ನಿರ್ಜೀವ. ಅದರಲ್ಲಿ ರಕ್ತವಾಗಲಿ ನರವಾಗಲಿ ಇಲ್ಲ. ಮೊಳೆ ಹೊಡೆಯುವುದು ಈ ಗೋಡೆಗೆ ಮಾತ್ರ. ಗೋಡೆಯೂ ತಳವೂ ಕೂಡುವಲ್ಲಿ ಸುತ್ತಲೂ ಒಂದು ತಿಳಿಬಣ್ಣದ ಗೆರೆ ಕಾಣುತ್ತದೆ. ಇದನ್ನು ಬಿಳಿಗೆರೆ ಎನ್ನಬಹುದು. ಲಾಳ ಕಟ್ಟುವವನ ಕೌಶಲವೆಲ್ಲ ಒಂದರ್ಥದಲ್ಲಿ ಈ ಗೆರೆಯ ಹೊರಗೆ ಉಳಿಯುವ ಕೌಶಲ. ಗೆರೆಯ ಒಳಗಿರುವುದು ಜೀವಂತ ಅಂಗಾಂಶ.

ತಳದ ಹಿಂಭಾಗದಲ್ಲಿ ರಬ್ಬರಿನಂತೆ ಮೆತ್ತಗಿರುವ ಮುಕ್ಕೋನಾಕಾರದ ಭಾಗವನ್ನು ಪಶುವೈದ್ಯರು ಫ್ರಾಗ್ ಎನ್ನುತ್ತಾರೆ. ಕಾಲು ನೆಲಕ್ಕೆ ತಗುಲಿದಾಗ ಹಿಮ್ಮಡಿಯ ಭಾಗ ಸ್ವಲ್ಪ ಅಗಲವಾಗುತ್ತದೆ, ಎತ್ತಿದಾಗ ಕುಗ್ಗುತ್ತದೆ. ಈ ಹಿಗ್ಗು-ಕುಗ್ಗಿನಿಂದ ಆಘಾತ ತಗ್ಗುತ್ತದೆ, ಗೊರಸಿನೊಳಗಿನ ರಕ್ತ ಮೇಲಕ್ಕೆ ಹರಿಯಲು ನೆರವಾಗುತ್ತದೆ. ಗೊರಸಿನ ಅತ್ಯಂತ ಅಗಲವಾದ ಭಾಗಕ್ಕಿಂತ ಹಿಂದೆ ಮೊಳೆ ಹೊಡೆಯಬಾರದು ಎಂಬ ನಿಯಮ ಬಂದದ್ದು ಇದರಿಂದಲೇ. ಅಲ್ಲಿ ಮೊಳೆ ಬಿದ್ದರೆ ಹಿಮ್ಮಡಿ ಬಿಗಿದುಕೊಳ್ಳುತ್ತದೆ.

ಗೊರಸಿನೊಳಗೆ ಪೆಡಲ್ ಮೂಳೆ ಎಂಬ ಕೊನೆಯ ಎಲುಬು ಇದೆ. ಅದು ತಳದ ಮೇಲೆ ಕುಳಿತಿಲ್ಲ; ಗೋಡೆಯ ಒಳಮೈಗೆ ಲ್ಯಾಮಿನೆ ಎಂಬ ನೂರಾರು ತೆಳು ಎಳೆಗಳ ಮೂಲಕ ತೂಗುಬಿದ್ದಿದೆ. ಅದರ ಹಿಂಬದಿಗೆ ಕಾಲನ್ನು ಬಾಗಿಸುವ ಪ್ರಮುಖ ಸ್ನಾಯುರಜ್ಜು ಅಂಟಿಕೊಂಡು ಸದಾ ಹಿಂದಕ್ಕೆ ಎಳೆಯುತ್ತಿರುತ್ತದೆ. ಹಲವು ಚಿಕಿತ್ಸಕ ಲಾಳಗಳನ್ನು ಅರ್ಥಮಾಡಿಕೊಳ್ಳಲು ಈ ತೂಗು ಮತ್ತು ಈ ಎಳೆತ, ಇವೆರಡನ್ನು ನೆನಪಿಟ್ಟರೆ ಸಾಕು.

ಗೊರಸಿನ ಗೋಡೆ ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಮುಂತುದಿ ಪೂರ್ತಿಯಾಗಿ ಹೊಸದಾಗಲು ಸುಮಾರು ಒಂದು ವರ್ಷ ಬೇಕು. ಇಂದು ಹದಗೆಟ್ಟ ಗೊರಸು ಮುಂದಿನ ವರ್ಷದವರೆಗೆ ತನ್ನ ಗುರುತನ್ನು ಹೊತ್ತಿರುತ್ತದೆ ಎಂದು ಇದರ ಅರ್ಥ. ಲಾಳ ಸವೆಯದಿದ್ದರೂ 6ರಿಂದ 8 ವಾರಗಳಿಗೊಮ್ಮೆ ಅದನ್ನು ಬಿಚ್ಚಿ, ಬೆಳೆದ ಗೊರಸನ್ನು ಹೆರೆದು ಮತ್ತೆ ಕಟ್ಟಬೇಕು. ‘ಲಾಳ ಇನ್ನೂ ಗಟ್ಟಿ ಇದೆ’ ಎಂದು ಬಿಡುವುದು ಬಹಳ ಕಡೆ ಕಾಣುವ ರೂಢಿ. ಹಾಗೆ ಬಿಟ್ಟಾಗ ಗೊರಸು ಮುಂದಕ್ಕೆ ಬೆಳೆದು, ಲಾಳವೂ ಅದರೊಡನೆ ಮುಂದೆ ಸರಿದು, ಹಿಮ್ಮಡಿಗೆ ಆಸರೆ ತಪ್ಪುತ್ತದೆ. ಕುಂಟುವಿಕೆ ಅನೇಕ ಸಲ ಇಲ್ಲಿಂದಲೇ ಆರಂಭವಾಗುತ್ತದೆ.

ಕುಂಟುವ ಕಾಲನ್ನು ಗುರುತಿಸುವುದು

ನಿಂತಿರುವ ಕುದುರೆ ತನ್ನ ತೂಕದ ಸುಮಾರು ಶೇ. 60ರಷ್ಟನ್ನು ಮುಂಗಾಲುಗಳ ಮೇಲೆ ಹೊರುತ್ತದೆ. ಕುಂಟುವಿಕೆಯೂ ಮುಂಗಾಲಿನಲ್ಲೇ ಹೆಚ್ಚು, ಅದರಲ್ಲೂ ಗೊರಸಿನಲ್ಲಿ. ಕುದುರೆಯನ್ನು ಗಟ್ಟಿ ನೆಲದ ಮೇಲೆ ಮೊದಲು ನಡೆಸಿ, ಆಮೇಲೆ ಟ್ರಾಟ್ ಎನ್ನುವ ಸಣ್ಣ ಓಟದಲ್ಲಿ ಓಡಿಸಿ ನೋಡುತ್ತಾರೆ. ನೋವಿರುವ ಮುಂಗಾಲು ನೆಲಕ್ಕೆ ತಗಲುವಾಗ ಕುದುರೆ ತಲೆ ಎತ್ತುತ್ತದೆ, ಒಳ್ಳೆಯ ಕಾಲು ತಗಲುವಾಗ ತಲೆ ಇಳಿಸುತ್ತದೆ. ಹಗ್ಗ ಹಿಡಿದವನು ತಲೆಯನ್ನು ಬಿಗಿಯಾಗಿ ಹಿಡಿದರೆ ಈ ಗುರುತು ಕಾಣದೆ ಹೋಗುತ್ತದೆ, ಹಗ್ಗ ಸಡಿಲವಾಗಿರಬೇಕು. ಹಿಂಗಾಲಿನ ಕುಂಟನ್ನು ಸೊಂಟದ ಏರಿಳಿತದಿಂದ ತಿಳಿಯಬೇಕಾಗುತ್ತದೆ, ಅದು ಕಷ್ಟ. ಎರಡೂ ಮುಂಗಾಲುಗಳಲ್ಲಿ ಸಮನಾದ ನೋವಿದ್ದರೆ ತಲೆ ಆಡುವುದೇ ಇಲ್ಲ. ಹೆಜ್ಜೆ ಮಾತ್ರ ಗಿಡ್ಡವಾಗುತ್ತದೆ, ಮಾಲೀಕ ಅದನ್ನು ಸೋಮಾರಿತನವೆಂದು ತಿಳಿಯುತ್ತಾನೆ.

ಮುಂದೆ ಕೈಯಿಂದ ನೋಡುವ ಕೆಲಸ. ಎರಡು ಗೊರಸುಗಳ ಬಿಸಿಯನ್ನು ಹೋಲಿಸುವುದು, ಗೊರಸಿನ ಮೇಲಿನ ಗಿಣ್ಣಿನ ಹಿಂಬದಿಯಲ್ಲಿ ನಾಡಿಯನ್ನು ಮುಟ್ಟಿ ನೋಡುವುದು, ಉದ್ದ ಹಿಡಿಯ ಇಕ್ಕಳದಂತಹ ಸಾಧನದಿಂದ ತಳವನ್ನು ಅಂಗುಲ ಅಂಗುಲವಾಗಿ ಒತ್ತುತ್ತ ಎಲ್ಲಿ ಕಾಲು ಸೆಳೆಯುತ್ತದೆಂದು ನೋಡುವುದು. ಆರೋಗ್ಯವಂತ ಗೊರಸಿನಲ್ಲಿ ಈ ನಾಡಿ ಮೆಲ್ಲಗೆ ಸಿಗುತ್ತದೆ; ಒಳಗೆ ಉರಿಯೂತ ಇದ್ದರೆ ಬೆರಳಿಗೆ ಹೊಡೆದಂತೆ ಮಿಡಿಯುತ್ತದೆ. ಕಿತ್ತ ಹಳೆಯ ಲಾಳವನ್ನೂ ತಿರುಗಿಸಿ ನೋಡುತ್ತಾರೆ. ಯಾವ ಬದಿ ಹೆಚ್ಚು ಸವೆದಿದೆಯೋ ಆ ಬದಿಗೆ ಕುದುರೆ ಭಾರ ಹಾಕಿದೆ. ಕುಂಟಿಗೆ ಕಾರಣವೇನು ಎಂಬ ನಿರ್ಣಯ ಪಶುವೈದ್ಯರದು. ಎಕ್ಸ್‌ರೇ ಮತ್ತು ನರವನ್ನು ಮರಗಟ್ಟಿಸುವ ಚುಚ್ಚುಮದ್ದಿಲ್ಲದೆ ಹಲವು ಕಾರಣಗಳು ತಿಳಿಯುವುದಿಲ್ಲ.

ಕಟ್ಟುವ ಕ್ರಮ

ಹಳೆಯ ಮೊಳೆಗಳ ಮಡಿಕೆಯನ್ನು ಬಿಡಿಸಿ ಲಾಳ ಕೀಳುವುದು, ಬೆಳೆದ ಗೋಡೆಯನ್ನು ಕತ್ತರಿಸಿ ಅರದಿಂದ ಸಮಮಾಡುವುದು, ಲಾಳವನ್ನು ಗೊರಸಿಗೆ ಹೊಂದಿಸುವುದು, ಮೊಳೆ ಹೊಡೆಯುವುದು, ಹೊರಬಂದ ಮೊಳೆತುದಿಯನ್ನು ಮುರಿದು ಗೋಡೆಗೆ ಮಡಿಸುವುದು: ಕೆಲಸ ಈ ಕ್ರಮದಲ್ಲಿ ಸಾಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಒಬ್ಬನು ಕಾಲು ಹಿಡಿದರೆ ಇನ್ನೊಬ್ಬನು ಕೆಲಸ ಮಾಡುತ್ತಾನೆ. ಪಶ್ಚಿಮ ದೇಶಗಳಲ್ಲಿ ಒಬ್ಬನೇ ಕಾಲನ್ನು ತನ್ನ ಮೊಣಕಾಲುಗಳ ನಡುವೆ ಇರಿಸಿಕೊಳ್ಳುತ್ತಾನೆ.

ಇದರಲ್ಲಿ ಹೆರೆಯುವುದೇ ಹೆಚ್ಚು ತೂಕದ ಕೆಲಸ. ಬದಿಯಿಂದ ನೋಡಿದಾಗ ಗಿಣ್ಣಿನ ಇಳಿಜಾರು ಮತ್ತು ಗೊರಸಿನ ಮುಂಭಾಗದ ಇಳಿಜಾರು ಒಂದೇ ಗೆರೆಯಲ್ಲಿರಬೇಕು. ಆ ಗೆರೆ ಮುರಿದಿದ್ದರೆ ಎಷ್ಟು ಒಳ್ಳೆಯ ಲಾಳ ಕಟ್ಟಿದರೂ ಪ್ರಯೋಜನವಿಲ್ಲ. ಲಾಳವನ್ನು ಗೊರಸಿಗೆ ಹೊಂದಿಸಬೇಕೇ ಹೊರತು ಗೊರಸನ್ನು ಅರದಿಂದ ತಿಕ್ಕಿ ಲಾಳಕ್ಕೆ ಹೊಂದಿಸಬಾರದು. ಅಂಗಡಿಯ ಸಿದ್ಧ ಲಾಳವನ್ನು ಕುಲುಮೆಯಿಲ್ಲದೆ ಕಟ್ಟುವ ಕಡೆಗಳಲ್ಲಿ ಈ ಎರಡನೆಯ ತಪ್ಪು ತೀರ ಸಾಮಾನ್ಯ.

ಮೊಳೆಯ ತುದಿಯು ಒಂದು ಬದಿಗೆ ಓರೆಯಾಗಿರುತ್ತದೆ. ಓರೆ ಒಳಮುಖವಾಗಿರುವಂತೆ ಹಿಡಿದು ಹೊಡೆದರೆ ಮೊಳೆ ತಾನಾಗಿ ಹೊರಕ್ಕೆ ಬಾಗಿ ಗೋಡೆಯಿಂದ ಹೊರಬರುತ್ತದೆ. ತಿರುಗಿಸಿ ಹೊಡೆದರೆ ಜೀವಂತ ಭಾಗಕ್ಕೆ ಹೋಗುತ್ತದೆ. ಅನುಭವಿಯು ಸುತ್ತಿಗೆಯ ದನಿಯಿಂದ ಇದನ್ನು ತಿಳಿಯುತ್ತಾನೆ. ಗಟ್ಟಿ ಗೋಡೆಯಲ್ಲಿ ಸಾಗುವ ಮೊಳೆಯ ದನಿ ಪ್ರತಿ ಏಟಿಗೂ ಗಡಸಾಗುತ್ತದೆ. ಒಳಕ್ಕೆ ಹೊರಟ ಮೊಳೆಯ ದನಿ ಮಂದವಾಗುತ್ತದೆ.

ಮೊಳೆ ತಪ್ಪಿದಾಗ

ಮೊಳೆ ನೇರವಾಗಿ ಜೀವಂತ ಭಾಗಕ್ಕೆ ಚುಚ್ಚಿದರೆ ಕುದುರೆ ಕೂಡಲೇ ಕಾಲು ಕಿತ್ತುಕೊಳ್ಳುತ್ತದೆ, ಮೊಳೆಯ ತೂತಿನಲ್ಲಿ ರಕ್ತ ಕಾಣಬಹುದು. ಮೊಳೆ ಕಿತ್ತು, ತೂತನ್ನು ಶುಚಿಮಾಡಿ, ಆ ಜಾಗದಲ್ಲಿ ಮತ್ತೆ ಮೊಳೆ ಹೊಡೆಯದೆ ಬಿಡಬೇಕು. ಇದಕ್ಕಿಂತ ಮೋಸದ ಸಂಗತಿ ಮೊಳೆ ಚುಚ್ಚದೆ ಹತ್ತಿರ ಹಾದು ಒತ್ತುವುದು. ಆ ದಿನ ಏನೂ ತಿಳಿಯುವುದಿಲ್ಲ. ಕೆಲವು ದಿನ ಕಳೆದ ಮೇಲೆ ಕುಂಟು ಆರಂಭವಾಗುತ್ತದೆ. ಲಾಳ ಕಟ್ಟಿ ವಾರದೊಳಗೆ ಕುಂಟಿದ ಪ್ರಾಣಿಯಲ್ಲಿ ಮೊದಲು ಸಂಶಯಪಡಬೇಕಾದದ್ದು ಮೊಳೆಯನ್ನೇ.

ಗೊರಸಿನೊಳಗೆ ಕೀವು ಕಟ್ಟಿದರೆ ಪ್ರಾಣಿ ಆ ಕಾಲನ್ನು ನೆಲಕ್ಕೆ ಊರುವುದೇ ಇಲ್ಲ. ಎಲುಬು ಮುರಿದಿದೆ ಎಂದು ಮಾಲೀಕ ಗಾಬರಿಯಾಗುವಷ್ಟು ನೋವು ಅದು. ಗೊರಸು ಹಿಗ್ಗದ ಡಬ್ಬಿಯಂತಿರುವುದರಿಂದ ಸ್ವಲ್ಪ ಕೀವೂ ಭಾರಿ ಒತ್ತಡ ಉಂಟುಮಾಡುತ್ತದೆ. ಬಿಳಿಗೆರೆಯ ಬಳಿ ಸಣ್ಣ ದಾರಿ ಮಾಡಿ ಕೀವನ್ನು ಹೊರಬಿಟ್ಟರೆ ಕೆಲವೇ ತಾಸುಗಳಲ್ಲಿ ನೋವು ಇಳಿಯುತ್ತದೆ. ಆಮೇಲೆ ಎಪ್ಸಮ್ ಉಪ್ಪಿನ ಬಿಸಿನೀರಿನಲ್ಲಿ ಗೊರಸನ್ನು ಅದ್ದಿ, ಒಣ ಪಟ್ಟಿ ಕಟ್ಟುತ್ತಾರೆ. ದಾರಿ ಸಣ್ಣದಿರಬೇಕು. ಉತ್ಸಾಹದಿಂದ ತಳವನ್ನೆಲ್ಲ ಕೊರೆದರೆ ಒಂದು ವಾರದ ಬೇನೆ ಮೂರು ತಿಂಗಳದ್ದಾಗುತ್ತದೆ. ಕುದುರೆಗೆ ಧನುರ್ವಾಯು ಬಹು ಸುಲಭವಾಗಿ ತಗಲುತ್ತದೆ, ತಗಲಿದರೆ ಉಳಿಯುವುದು ಕಷ್ಟ. ಗೊರಸಿನ ಯಾವ ಗಾಯಕ್ಕಾದರೂ ಧನುರ್ವಾಯು ಲಸಿಕೆಯ ವಿಚಾರವನ್ನು ಪಶುವೈದ್ಯರಲ್ಲಿ ಅಂದೇ ಕೇಳಬೇಕು. ಕುಂಟುವ ಕಾಲಿಗೆ ಕಾದ ಕಬ್ಬಿಣದಿಂದ ಬರೆ ಹಾಕುವ ರೂಢಿಯಿಂದ ಗೊರಸಿನ ಬೇನೆಗೆ ಏನೂ ಪ್ರಯೋಜನವಿಲ್ಲ. ಕೀವು ಬಿಡಿಸಬೇಕಾದ ದಿನಗಳು ಬರೆ ಮಾಯುವುದನ್ನು ಕಾಯುವುದರಲ್ಲಿ ಕಳೆಯುತ್ತವೆ.

ಚಿಕಿತ್ಸಕ ಲಾಳಗಳು

ಚಿಕಿತ್ಸಕ ಲಾಳವು ಭಾರವನ್ನು ಕಡಿಮೆ ಮಾಡುವುದಿಲ್ಲ, ಅದನ್ನು ಸ್ಥಳಾಂತರಿಸುತ್ತದೆ. ಒಂದು ಕಡೆ ಕೊಟ್ಟ ಆರಾಮದ ಬೆಲೆಯನ್ನು ಗೊರಸಿನ ಇನ್ನೊಂದು ಭಾಗ ತೆರಬೇಕಾಗುತ್ತದೆ. ಹಿಮ್ಮಡಿಯನ್ನು ಎತ್ತರಿಸಿದರೆ ಸ್ನಾಯುರಜ್ಜಿನ ಎಳೆತ ತಗ್ಗುತ್ತದೆ, ಆದರೆ ಬಹುಕಾಲ ಹಾಗೆ ಬಿಟ್ಟರೆ ಹಿಮ್ಮಡಿಯೇ ನಜ್ಜುಗುಜ್ಜಾಗುತ್ತದೆ. ಹೀಗಾಗಿ ಯಾವ ಚಿಕಿತ್ಸಕ ಲಾಳವನ್ನೂ ಕಟ್ಟಿ ಮರೆಯುವಂತಿಲ್ಲ.

ಇವುಗಳ ಪೈಕಿ ಅತ್ಯಂತ ಗಂಭೀರವಾದ ಬೇನೆ ಲ್ಯಾಮಿನೈಟಿಸ್. ಪೆಡಲ್ ಮೂಳೆಯನ್ನು ತೂಗುಹಾಕಿರುವ ಲ್ಯಾಮಿನೆ ಎಳೆಗಳು ಊದಿ ಬಿಟ್ಟುಕೊಳ್ಳುವುದೇ ಈ ರೋಗ. ಎಳೆಗಳು ಸೋತರೆ ಸ್ನಾಯುರಜ್ಜಿನ ಎಳೆತಕ್ಕೆ ಮೂಳೆ ತಿರುಗುತ್ತದೆ, ಅಥವಾ ಕೆಳಗೆ ಕುಸಿಯುತ್ತದೆ. ಕೊನೆಗೆ ಅದರ ತುದಿ ತಳವನ್ನೇ ಸೀಳಿ ಹೊರಬರಬಹುದು. ಕಾರಣಗಳು ಹಲವು: ಹೊಟ್ಟೆಯ ರೋಗ, ಹೆತ್ತ ನಂತರದ ಸೋಂಕು, ಬೊಜ್ಜಿಗೆ ಸಂಬಂಧಿಸಿದ ಹಾರ್ಮೋನು ದೋಷ, ಒಂದು ಕಾಲು ಮುರಿದಾಗ ಇನ್ನೊಂದರ ಮೇಲೆ ಬೀಳುವ ದೀರ್ಘ ಭಾರ. ಬಯಲುಸೀಮೆಗೆ ಹೆಚ್ಚು ಸಂಬಂಧಿಸಿದ ಕಾರಣ ಕಾಳು. ಸುಗ್ಗಿಯಲ್ಲಿ ಕಟ್ಟು ಬಿಚ್ಚಿಕೊಂಡ ಕುದುರೆ ಜೋಳದ ರಾಶಿಗೆ ಬಾಯಿ ಹಾಕಿದರೆ ಕರುಳಿನಲ್ಲಿ ಹುಳಿ ಹೆಚ್ಚಿ, ಒಂದೆರಡು ದಿನಗಳಲ್ಲಿ ಕಾಲು ಹಿಡಿಯುತ್ತದೆ. ಎತ್ತಿಗೂ ಇದು ತಪ್ಪಿದ್ದಲ್ಲ.

ರೋಗ ಹಿಡಿದ ಕುದುರೆ ಮುಂಗಾಲುಗಳನ್ನು ಮುಂದೆ ಚಾಚಿ, ಭಾರವನ್ನು ಹಿಂದಕ್ಕೆ ಹಾಕಿ, ಬೇರೂರಿದಂತೆ ನಿಲ್ಲುತ್ತದೆ. ತಿರುಗಿಸಿದರೆ ನೋವು ಹೆಚ್ಚು. ಈ ಹೊತ್ತಿನಲ್ಲಿ ‘ನಡೆದಾಡಿಸಿದರೆ ಸರಿಹೋಗುತ್ತದೆ’ ಎಂದು ಎಳೆದಾಡಿಸುವುದು ಸೋಲುತ್ತಿರುವ ಎಳೆಗಳನ್ನು ಹರಿದಂತೆ. ಕಾಳು ತಿಂದದ್ದು ತಿಳಿದ ಕೂಡಲೇ, ಕುಂಟು ಕಾಣುವ ಮೊದಲೇ, ಗೊರಸುಗಳನ್ನು ಮಂಜುಗಡ್ಡೆಯ ನೀರಿನಲ್ಲಿ 2–3 ದಿನ ಎಡೆಬಿಡದೆ ತಂಪಾಗಿಡುವುದು ಇಂದು ಪಶುವೈದ್ಯರು ಒಪ್ಪುವ ಕ್ರಮ. ನಿಲ್ಲಲು ದಪ್ಪ ಮರಳಿನ ಹಾಸು, ನೋವಿನ ಔಷಧ, ಪೂರ್ಣ ವಿಶ್ರಾಂತಿ ಬೇಕು. ಸುತ್ತಿಗೆಯ ಕೆಲಸ ಆಗ ಬೇಡ. ಉರಿ ಇಳಿದ ಮೇಲೆ ಎಕ್ಸ್‌ರೇ ನೋಡಿಕೊಂಡು, ಮೂಳೆ ಮತ್ತು ಗೊರಸು ಮತ್ತೆ ಹೊಂದುವಂತೆ ಹೆರೆಯುತ್ತಾರೆ. ಮುಂತುದಿಯಲ್ಲಿ ಕಾಲು ಮಗುಚುವ ಬಿಂದುವನ್ನು ಹಿಂದಕ್ಕೆ ತಂದು, ನಡುವೆ ಫ್ರಾಗ್‌ಗೆ ಆಸರೆ ಕೊಡುವ ಹೃದಯಾಕಾರದ ಲಾಳ ಅಥವಾ ಅಗಲ ಪಟ್ಟಿಯ ಲಾಳ ಕಟ್ಟುತ್ತಾರೆ. ಹೃದಯಾಕಾರದ ಲಾಳದ ನಡುಪಟ್ಟಿ ಒಂದಿಷ್ಟು ಹೆಚ್ಚು ಒತ್ತಿದರೂ ಅಪಾಯ. ಚೇತರಿಕೆಗೆ ತಿಂಗಳುಗಳು ಹಿಡಿಯುತ್ತವೆ. ಮೂಳೆ ತಳವನ್ನು ಸೀಳಿದ ಪ್ರಾಣಿಗಳಲ್ಲಿ ದಯಾಮರಣದ ಮಾತು ಬರುವುದು ಅಪರೂಪವಲ್ಲ.

ಹಿಮ್ಮಡಿಯೊಳಗಿನ ನಾವಿಕ್ಯುಲರ್ ಎಂಬ ಸಣ್ಣ ಎಲುಬಿನ ಸುತ್ತಲಿನ ಹಳೆಯ ನೋವಿಗೆ ಹಿಂದೆ ಕೂಡಿಕೊಂಡ ಮೊಟ್ಟೆಯಾಕಾರದ ಲಾಳ, ದುಂಡಾಗಿಸಿದ ಮುಂತುದಿ, ಕೆಲವು ಡಿಗ್ರಿ ಎತ್ತರಿಸಿದ ಹಿಮ್ಮಡಿ ಬಳಕೆಯಲ್ಲಿವೆ. ಇದರಿಂದ ರೋಗ ಹೋಗುವುದಿಲ್ಲ, ಕುದುರೆ ಕೆಲಸ ಮಾಡುವಷ್ಟು ನೆಮ್ಮದಿ ಪಡೆಯುತ್ತದೆ. ಗೊರಸಿನ ಬದಿ ಸೀಳಿದರೆ ಅಡ್ಡಪಟ್ಟಿಯ ಲಾಳ ಕಟ್ಟಿ, ಸೀಳಿನ ಕೆಳಗಿನ ಗೋಡೆ ಲಾಳಕ್ಕೆ ತಗಲದಂತೆ ಹೆರೆದು ಬಿಡುತ್ತಾರೆ. ಪೆಡಲ್ ಮೂಳೆ ಮುರಿದಾಗ ಬದಿಗಳಲ್ಲಿ ಕಿವಿಗಳಿರುವ ಲಾಳವು ಗೊರಸು ಹಿಗ್ಗದಂತೆ ಹಿಡಿದು ಪಟ್ಟಿಯ ಕೆಲಸ ಮಾಡುತ್ತದೆ.

ಎತ್ತುಗಳಿಗೆ ಲಾಳ

ಬೇವೂರು, ಯಲಬುರ್ಗಾ, ಕುಷ್ಟಗಿ ಭಾಗದಲ್ಲಿ ನಾಲಬಂದನ ಮುಖ್ಯ ಕೆಲಸ ಕುದುರೆಯದಲ್ಲ, ಎತ್ತಿನದು. ಎತ್ತಿನ ಗೊರಸು ಎರಡಾಗಿ ಸೀಳಿರುವುದರಿಂದ ಕಾಲಿಗೆ 2ರಂತೆ ಒಂದು ಎತ್ತಿಗೆ 8, ಒಂದು ಜೋಡಿಗೆ 16 ಲಾಳಗಳು ಬೇಕು. ಇವು ಕುದುರೆ ಲಾಳದಂತೆ ಬಾಗಿದ ಪಟ್ಟಿಗಳಲ್ಲ, ತೆಳುವಾದ ಚಪ್ಪಟೆ ಬಿಲ್ಲೆಗಳು. ಎತ್ತಿನ ಗೊರಸಿನ ಗೋಡೆ ಕುದುರೆಯದಕ್ಕಿಂತ ತೆಳು, ಮೊಳೆಯನ್ನು ಹೊರ ಅಂಚಿಗೆ ಮಾತ್ರ ಹೊಡೆಯಲು ಸಾಧ್ಯ. ತಪ್ಪಿಗೆ ಇರುವ ಅವಕಾಶವೂ ಅಷ್ಟೇ ಕಡಿಮೆ. ಯರೆ ಹೊಲದಲ್ಲಿ ಮಾತ್ರ ದುಡಿಯುವ ಎತ್ತಿಗೆ ಲಾಳದ ಅಗತ್ಯ ಕಡಿಮೆ. ಬಂಡಿ ಹೂಡಿ ಕಲ್ಲುದಾರಿಯಲ್ಲಿ, ಡಾಂಬರು ರಸ್ತೆಯಲ್ಲಿ ನಡೆಯುವ ಎತ್ತು ಲಾಳವಿಲ್ಲದೆ ಉಳಿಯದು.

ಎತ್ತು ಕುದುರೆಯಂತೆ ಮೂರು ಕಾಲಿನ ಮೇಲೆ ಶಾಂತವಾಗಿ ನಿಲ್ಲುವುದಿಲ್ಲ. ಹಗ್ಗ ಸುತ್ತಿ ಮೆಲ್ಲಗೆ ಕೆಡವಿ, ನಾಲ್ಕೂ ಕಾಲು ಕೂಡಿಸಿ ಕಟ್ಟಿ, ಒಬ್ಬನು ಕೊಂಬು ಹಿಡಿದು ತಲೆಯನ್ನು ಅದುಮಿಕೊಂಡಿರುವಾಗ ಲಾಳ ಹೊಡೆಯುತ್ತಾರೆ. ಅಪಾಯ ಹೆಚ್ಚಿರುವುದು ಮೊಳೆಗಿಂತ ಈ ಕೆಡವುವುದರಲ್ಲಿ. ಮೇವು ತುಂಬಿದ ಹೊಟ್ಟೆಯ ಎತ್ತನ್ನು ಬಹಳ ಹೊತ್ತು ಮಲಗಿಸಿದರೆ ಹೊಟ್ಟೆಯ ಗಾಳಿ ಹೊರಹೋಗದೆ ಉಬ್ಬರ ಬರುತ್ತದೆ. ಗಟ್ಟಿ ನೆಲಕ್ಕೆ ಬಿದ್ದರೆ ಕೊಂಬು ಮುರಿಯಬಹುದು, ಸೊಂಟ ತಪ್ಪಬಹುದು. ಬೆಳಗ್ಗೆ ಮೇವು ಹಾಕುವ ಮೊದಲು, ಮೆತ್ತನೆಯ ಮಣ್ಣಿನ ಮೇಲೆ, ಬೇಗ ಮುಗಿಸುವುದು ಸರಿಯಾದ ಕ್ರಮ.

ಎತ್ತಿನಲ್ಲಿ ಎರಡು ಬೆರಳಿರುವುದು ಚಿಕಿತ್ಸೆಗೆ ಒಂದು ಅನುಕೂಲ. ಒಂದು ಗೊರಸು ಹುಣ್ಣಾದರೆ ಪಕ್ಕದ ಒಳ್ಳೆಯ ಗೊರಸಿಗೆ ಮರದ ಅಥವಾ ರಬ್ಬರಿನ ದಿಮ್ಮಿ ಅಂಟಿಸಿ, ಹುಣ್ಣಾದದ್ದು ನೆಲಕ್ಕೆ ತಗಲದಂತೆ ಎತ್ತಿ ಹಿಡಿಯಬಹುದು. ನೆದರ್‌ಲ್ಯಾಂಡ್ಸ್‌ನ ಪಶುವೈದ್ಯ ಟೂಸಾಂ ರಾವೆನ್ ಅವರ ಹೆರೆಯುವ ಕ್ರಮದ ಮೂಲಕ ಹಾಲಿನ ಹಸುಗಳಲ್ಲಿ ಈ ವಿಧಾನ ಜಗತ್ತಿನಾದ್ಯಂತ ಹರಡಿತು. ದುಡಿಯುವ ಎತ್ತಿಗೂ ಇದು ಅನ್ವಯಿಸುತ್ತದೆ, ಆದರೆ ದಿಮ್ಮಿ ಇರುವಷ್ಟು ವಾರ ಎತ್ತನ್ನು ನೊಗಕ್ಕೆ ಹೂಡುವಂತಿಲ್ಲ. ಒಂಟಿ ಜೋಡಿಯನ್ನು ನಂಬಿದ ಮನೆಗೆ ಬಿತ್ತುವ ಹದದಲ್ಲಿ ಇದು ಸಣ್ಣ ಮಾತಲ್ಲ. ಹಸಿ ಮಣ್ಣಿನಲ್ಲಿ ದುಡಿಯಬೇಕಾದ ಆ ದಿನಗಳಲ್ಲೇ ಗೊರಸು ಮೆತ್ತಗಾಗಿ ಬೆರಳ ಸಂದಿ ಕೊಳೆಯುವುದೂ ಹೆಚ್ಚು. ಸಂದಿಯನ್ನು ತೊಳೆದು ಮೈಲುತುತ್ತದ ನೀರಿನಲ್ಲಿ ಅದ್ದುವುದು ಹಳೆಯ ಉಪಾಯ. ಗಾಯ ಆಳವಾಗಿದ್ದರೆ ಔಷಧ ಬೇಕು.

ಕುಂಟುವ ಎತ್ತಿನ ಬಾಯಲ್ಲಿ ಜೊಲ್ಲು ಸುರಿಯುತ್ತಿದ್ದರೆ ಗೊರಸು ನೋಡುವ ಮೊದಲು ಬಾಯಿ ನೋಡಬೇಕು. ಅದು ಕಾಲುಬಾಯಿ ಜ್ವರವಾಗಿದ್ದರೆ ಲಾಳದ ಕೆಲಸ ಕೂಡದು. ಊರಿಂದೂರಿಗೆ ಹೋಗುವ ನಾಲಬಂದನ ಹಗ್ಗ, ಉಳಿ, ಕೈಗಳೇ ರೋಗವನ್ನು ಒಯ್ಯಬಲ್ಲವು. ಶೇ. 4ರ ವಾಷಿಂಗ್ ಸೋಡಾ ದ್ರಾವಣ ಈ ವೈರಾಣುವನ್ನು ಕೊಲ್ಲುತ್ತದೆ.

ಈ ಸೀಮೆಯಲ್ಲಿ ಕುದುರೆ ಪೂರ್ತಿ ಇಲ್ಲವೆಂದಲ್ಲ. ಕುರಿಹಿಂಡಿನೊಡನೆ ವಲಸೆ ಹೋಗುವ ಕುರುಬರು ಸಾಮಾನು ಹೊರಲು ಸಣ್ಣ ಕುದುರೆಗಳನ್ನು ಇಟ್ಟುಕೊಳ್ಳುತ್ತಾರೆ. ಹೊಲ, ಕುರುಚಲು ನೆಲಗಳಲ್ಲಿ ನಡೆಯುವ ಇಂತಹ ಕುದುರೆಗೆ ಲಾಳಕ್ಕಿಂತ ಕಾಲಕಾಲಕ್ಕೆ ಹೆರೆಯುವುದೇ ಮುಖ್ಯ.

ಇತಿಹಾಸ

ಮೊಳೆ ಹೊಡೆದ ಲಾಳ ಯುರೋಪಿನಲ್ಲಿ ಸಾಮಾನ್ಯವಾದದ್ದು 9–10ನೇ ಶತಮಾನಗಳ ನಂತರ. ಕನ್ನಡದಲ್ಲಿ ಪಶುವೈದ್ಯದ ಬರಹ ಹಳೆಯದು. ಕಲ್ಯಾಣ ಚಾಲುಕ್ಯ ರಾಜವಂಶದ ಕೀರ್ತಿವರ್ಮನ ‘ಗೋವೈದ್ಯ’ 12ನೇ ಶತಮಾನದ ಮೊದಲ ಭಾಗಕ್ಕೆ ಸೇರಿದ್ದು. ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯ (1112) ಕಟ್ಟಿದ ಕಾಲವೂ ಅದೇ. ಕುದುರೆಗಳ ಬಗ್ಗೆ ಅಭಿನವಚಂದ್ರನ ಗ್ರಂಥವಿದೆ. ವಿಜಯನಗರದ ಅರಸರು ಪ್ರತಿವರ್ಷ 13,000 ಕುದುರೆಗಳನ್ನು ಕೊಳ್ಳುತ್ತಿದ್ದರೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಹಂಪಿಯ ಹಜಾರರಾಮ ದೇವಾಲಯದ ಹೊರಗೋಡೆಯ ಮೇಲೆ ಈ ಕುದುರೆಗಳ ಮೆರವಣಿಗೆಯ ಸಾಲುಗಳಿವೆ. ನದಿಯ ಈಚೆಯ ಆನೆಗೊಂದಿ ಇಂದಿನ ಗಂಗಾವತಿ ತಾಲ್ಲೂಕಿನಲ್ಲಿದೆ.

ತರಬೇತಿ ಮತ್ತು ಕಾನೂನು

ಭಾರತೀಯ ಸೇನೆಯ ರಿಮೌಂಟ್ ಮತ್ತು ಪಶುವೈದ್ಯಕೀಯ ದಳವು ಮೀರತ್‌ನ ತನ್ನ ಕೇಂದ್ರದಲ್ಲಿ ಲಾಳ ಕಟ್ಟುವವರಿಗೆ ತರಬೇತಿ ಕೊಡುತ್ತದೆ. ಕರ್ನಾಟಕದಲ್ಲಿ ಪಂದ್ಯದ ಲಾಯಗಳು, ಕುಣಿಗಲ್‌ನ ಕುದುರೆ ಫಾರಂ, ಮೈಸೂರಿನ ಅಶ್ವಾರೋಹಿ ಪೊಲೀಸ್ ದಳ ಇಂತಹ ಕಡೆಗಳಲ್ಲಿ ಈ ಕೆಲಸಕ್ಕೆ ಕಾಯಂ ಸ್ಥಾನವಿದೆ. ಪಂದ್ಯದ ಕುದುರೆಗೆ ಹಗುರವಾದ ಅಲ್ಯೂಮಿನಿಯಂ ಲಾಳ ಕಟ್ಟುತ್ತಾರೆ. ಹಳ್ಳಿಯ ನಾಲಬಂದನು ತಂದೆಯಿಂದ ಅಥವಾ ಮಾವನಿಂದ ಕಲಿಯುತ್ತಾನೆ. ಟ್ರ್ಯಾಕ್ಟರ್ ಬಂದ ಮೇಲೆ ಜೋಡಿಗಳು ಕಡಿಮೆಯಾಗಿ, ಕೆಲಸ ಹುಡುಕಿಕೊಂಡು ಅವನು ಸುತ್ತಬೇಕಾದ ಊರುಗಳು ಹೆಚ್ಚಿವೆ.

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ 11ನೇ ಕಲಮಿನಂತೆ ರೋಗ, ಗಾಯ ಅಥವಾ ನಿಶ್ಶಕ್ತಿಯಿಂದ ಕೆಲಸಕ್ಕೆ ಯೋಗ್ಯವಲ್ಲದ ಪ್ರಾಣಿಯನ್ನು ದುಡಿಸುವುದು ಅಪರಾಧ. ಕುಂಟುವ ಎತ್ತನ್ನು ಬಂಡಿಗೆ ಹೂಡುವುದೂ ಇದರಲ್ಲಿ ಸೇರುತ್ತದೆ. ಅದೇ ಅಧಿನಿಯಮದಡಿ 1965ರಲ್ಲಿ ಲಾಳ ಕಟ್ಟುವವರಿಗೆ ಪರವಾನಗಿ ನೀಡುವ ನಿಯಮಗಳೂ ಬಂದಿವೆ.